ಯುದ್ಧನೌಕೆಗೆ ಆಳುವವರ ಹೆಸರು ಬೇಡ: ಗ್ರೀಕರ ಹಡಗುಗಳೇ ಸಾಕ್ಷಿ

ಅಧಿಕಾರದಲ್ಲಿ ಕೂತವರ ಹೆಸರನ್ನು ಯುದ್ಧನೌಕೆಗೆ ಇಡಬಾರದು. ನನ್ನ ವಾದ ಇಷ್ಟೇ. ಇದಕ್ಕೆ ಗ್ರೀಸ್‌ಗಿಂತ ಒಳ್ಳೆಯ ಸಾಕ್ಷಿ ನನಗೆ ಕಾಣುವುದಿಲ್ಲ.

ಮೊದಲು ಅಥೆನ್ಸ್ ನೋಡೋಣ. ಒಂದು ಟ್ರೈರೀಮ್, ಅಂದರೆ ಮೂರು ಸಾಲು ಹುಟ್ಟಿನ ಯುದ್ಧದ ಹಡಗಿಗೆ 170 ಜನ ಹುಟ್ಟು ಹಾಕುವವರು: ಮೇಲಿನ ಸಾಲಿನಲ್ಲಿ 62, ನಡುವೆ 54, ಕೆಳಗೆ 54. ಉಳಿದ ನಾವಿಕರು, ಸೈನಿಕರು ಸೇರಿದರೆ ಸುಮಾರು 200. ಒಂದೇ ಅಚ್ಚಿನಂಥ ಹಡಗುಗಳು ನೂರಾರು. ಹೆಸರಿಲ್ಲದೆ ಹೋದರೆ ಲೆಕ್ಕವೇ ಸಿಗದು. ಅದಕ್ಕೇ ಕ್ರಿ.ಪೂ. 4ನೇ ಶತಮಾನದಲ್ಲಿ ಅಥೆನ್ಸಿನ ಪಿರೇಯಸ್ ಬಂದರಿನ ಅಧಿಕಾರಿಗಳು ಅಮೃತಶಿಲೆಯ ಮೇಲೆ ಪಟ್ಟಿ ಕೊರೆಸಿಟ್ಟರು. ಹಡಗಿನ ಹೆಸರು, ಅದನ್ನು ಕಟ್ಟಿದವನ ಹೆಸರು, ಅದರ ಖರ್ಚು ಹೊತ್ತ ಶ್ರೀಮಂತ ಯಾರು, ಅವನಿಂದ ಯಾವ ಸಲಕರಣೆ ವಾಪಸ್ ಬರಬೇಕು, ಎಲ್ಲವೂ ಅಲ್ಲಿದೆ. ಹೆಸರುಗಳು ಹೆಚ್ಚುಕಡಿಮೆ ಎಲ್ಲವೂ ಸ್ತ್ರೀಲಿಂಗ. ಸ್ವಾತಂತ್ರ್ಯ, ಪ್ರಜಾಪ್ರಭುತ್ವ ಅನ್ನುವ ಹೆಸರಿನ ಹಡಗುಗಳೂ ಇದ್ದವು. ಹಡಗು ಕಟ್ಟಿದವನ ಹೆಸರನ್ನೂ ಕಲ್ಲಿನಲ್ಲಿ ಉಳಿಸಿದ ಆ ಪದ್ಧತಿಯ ಬಗ್ಗೆ ನನಗೆ ತುಂಬ ಗೌರವ.

ಅಥೆನ್ಸ್ ಎಡವಿದ್ದು ಕ್ರಿ.ಪೂ. 307ರಲ್ಲಿ. ನಗರವನ್ನು ಬಿಡಿಸಿಕೊಟ್ಟ ಅರಸರು ಆಂಟಿಗೊನಸ್ ಮತ್ತು ಡಿಮಿಟ್ರಿಯಸ್. ಅವರು ಬದುಕಿರುವಾಗಲೇ ಅಥೆನ್ಸಿನ ಜನ ಅವರ ಹೆಸರನ್ನು ನಗರದ ಪವಿತ್ರ ನೌಕೆಗಳಿಗೆ ಇಟ್ಟರು. ನಗರದ ಎರಡು ಹೊಸ ಕುಲವಿಭಾಗಗಳಿಗೂ ಅದೇ ಹೆಸರು. ಕ್ರಿ.ಪೂ. 200ರ ಹೊತ್ತಿಗೆ ಅದೇ ಅರಸರ ವಂಶ ಆಳುತ್ತಿದ್ದ ಮ್ಯಾಸಿಡೋನಿಯಾ ಶತ್ರುವಾಯಿತು. ಆ ಕುಲವಿಭಾಗಗಳು ರದ್ದಾದವು, ಶಾಸನಗಳಲ್ಲಿದ್ದ ಆ ಹೆಸರುಗಳನ್ನು ಉಳಿಯಿಂದ ಕೆತ್ತಿ ತೆಗೆದರು.

ಇಪ್ಪತ್ತನೇ ಶತಮಾನದಲ್ಲೂ ಅದೇ ತಪ್ಪು. 1930ರ ದಶಕದ ಕೊನೆಗೆ ಗ್ರೀಸ್ ಬ್ರಿಟನ್ನಿನಲ್ಲಿ ಕಟ್ಟಿಸಿದ ಎರಡು ವೇಗದ ಯುದ್ಧನೌಕೆಗಳ, ಅಂದರೆ ಡಿಸ್ಟ್ರಾಯರ್‌ಗಳ ಹೆಸರು 'ವಸಿಲೆಫ್ಸ್ ಯೊರ್ಗಿಯೊಸ್' ಮತ್ತು 'ವಸಿಲಿಸ್ಸಾ ಓಲ್ಗಾ', ಅಂದರೆ ರಾಜ ಜಾರ್ಜ್, ರಾಣಿ ಓಲ್ಗಾ. ರಾಜನ ಹಡಗು 1941ರಲ್ಲಿ ಜರ್ಮನ್ನರ ಕೈಗೆ ಸಿಕ್ಕಿತು, 'ಹರ್ಮೆಸ್' ಆಗಿ ಅವರ ಪರ ಹೋರಾಡಿತು. ರಾಣಿಯ ಹಡಗು 1943ರ ಸೆಪ್ಟೆಂಬರ್‌ನಲ್ಲಿ ಲೆರೊಸ್ ದ್ವೀಪದ ಬಳಿ ಬಾಂಬಿಗೆ ಸಿಕ್ಕಿ ಮುಳುಗುವವರೆಗೂ ಅಪ್ರತಿಮವಾಗಿ ಕಾದಾಡಿತು. 1974ರ ಜನಮತದಲ್ಲಿ ರಾಜಪ್ರಭುತ್ವವೇ ಹೋಯಿತು. ಗಣರಾಜ್ಯದ ನೌಕಾಪಡೆ ಆ ಹೆಸರನ್ನು ಮತ್ತೆ ಇಡುವುದು ಹೇಗೆ? ನಾವಿಕರು ಗಳಿಸಿದ ಮಾನ ಅರಮನೆಯ ಜೊತೆ ಕೊಚ್ಚಿಹೋಯಿತು. ನನಗೆ ಸಿಟ್ಟು ಬರುವುದು ಇಲ್ಲೇ.

ಈಗ 'ಎಲ್ಲಿ' (Elli) ಎಂಬ ಹೆಸರನ್ನು ನೋಡಿ. 1912ರ ಡಿಸೆಂಬರ್‌ನಲ್ಲಿ ಡಾರ್ಡನೆಲ್ಸ್ ಜಲಸಂಧಿಯ ಬಾಯಲ್ಲಿ ಗ್ರೀಕರು ತುರ್ಕರ ವಿರುದ್ಧ ಗೆದ್ದ ನೌಕಾಕದನದ ಹೆಸರು ಅದು. ಚೀನಾಕ್ಕೆಂದು ಅಮೆರಿಕದಲ್ಲಿ ಕಟ್ಟಿದ್ದ ಕ್ರೂಸರನ್ನು 1914ರಲ್ಲಿ ಕೊಂಡು ಈ ಹೆಸರಿಟ್ಟರು. 1940ರ ಆಗಸ್ಟ್ 15, ತಿನೊಸ್ ದ್ವೀಪದಲ್ಲಿ ಮೇರಿ ಮಾತೆಯ ಹಬ್ಬ. ಯುದ್ಧ ಇನ್ನೂ ಘೋಷಣೆಯಾಗಿರಲಿಲ್ಲ, ಇಟಲಿಯ ಜಲಾಂತರ್ಗಾಮಿ ಟಾರ್ಪೆಡೊ ಹೊಡೆದು ಅದನ್ನು ಮುಳುಗಿಸಿತು. ಯುದ್ಧ ಮುಗಿದ ಮೇಲೆ ಇಟಲಿ ಪರಿಹಾರವಾಗಿ ಕೊಟ್ಟ ಕ್ರೂಸರಿಗೆ ಗ್ರೀಕರು ಇಟ್ಟ ಹೆಸರೂ 'ಎಲ್ಲಿ'. 1980ರ ದಶಕದಲ್ಲಿ ಡಚ್ಚರಿಂದ ಬಂದ ಫ್ರಿಗೇಟಿಗೂ ಅದೇ. ಇದ್ರಾ, ಸ್ಪೆತ್ಸೆಸ್, ಪ್ಸರಾ ಎಂಬ ದ್ವೀಪಗಳ ಹೆಸರುಗಳೂ ಹಾಗೇ ಮೂರು ತಲೆಮಾರು ದಾಟಿವೆ. ನಮ್ಮ ಐಎನ್ಎಸ್ ಮೈಸೂರು ಕೂಡ ಎರಡು ಹಡಗಿನ ಹೆಸರು: 1957ರ ಕ್ರೂಸರ್, 1999ರ ಡಿಸ್ಟ್ರಾಯರ್.

ಗ್ರೀಕರ ಇನ್ನೊಂದು ಯುದ್ಧನೌಕೆ 'ಅವೆರೊಫ್'ನದ್ದು ಒಬ್ಬ ಧನಿಕನ ಹೆಸರಲ್ಲವೇ ಎಂದು ನೀವು ಕೇಳಬಹುದು. ಹೌದು. ಆದರೆ ಯೊರ್ಗಿಯೊಸ್ ಅವೆರೊಫ್ 1899ರಲ್ಲೇ ತೀರಿಕೊಂಡಿದ್ದ, ಅಧಿಕಾರದ ಗದ್ದುಗೆ ಏರಿದವನಲ್ಲ. 1910ರಲ್ಲಿ ಇಟಲಿಯ ಲಿವೊರ್ನೊದಲ್ಲಿ ನೀರಿಗಿಳಿದ ಆ ಹಡಗಿನ ಬೆಲೆಯಲ್ಲಿ ಸುಮಾರು ಮೂರನೇ ಒಂದು ಪಾಲು ಅವನ ಉಯಿಲಿನಿಂದ ಬಂತು. 'ಎಲ್ಲಿ' ಕದನವನ್ನು ಗೆದ್ದದ್ದು ಮುಖ್ಯವಾಗಿ ಅದೇ ಹಡಗು. ನಿಧಾನದ ಹಳೆಯ ಹಡಗುಗಳನ್ನು ಹಿಂದೆ ಬಿಟ್ಟು ಒಂಟಿಯಾಗಿ ನುಗ್ಗಿತ್ತು. ಎರಡನೇ ಮಹಾಯುದ್ಧದಲ್ಲಿ ಬಾಂಬೆಯನ್ನು ನೆಲೆ ಮಾಡಿಕೊಂಡು ಹಿಂದೂ ಮಹಾಸಾಗರದಲ್ಲಿ ಬೆಂಗಾವಲು ಕೆಲಸವನ್ನೂ ಮಾಡಿತು.

ಫ್ರಾನ್ಸಿಗೆ ಕಟ್ಟಲು ಕೊಟ್ಟ ಹೊಸ ಫ್ರಿಗೇಟುಗಳಿಗೆ ಗ್ರೀಕರು ಕಿಮೊನ್, ನಿಯರ್ಕೊಸ್, ಫೊರ್ಮಿಯೊನ್ ಎಂದು ಹೆಸರಿಟ್ಟಿದ್ದಾರೆ. ಮೂವರೂ ಕಡಲಲ್ಲಿ ಪಡೆ ನಡೆಸಿದವರು. ನಿಯರ್ಕೊಸ್ ಅಂತೂ ಕ್ರಿ.ಪೂ. 325ರಲ್ಲಿ ಸಿಂಧೂ ಮುಖದಿಂದ ಪರ್ಷಿಯಾ ಕೊಲ್ಲಿಗೆ ಅಲೆಕ್ಸಾಂಡರನ ನೌಕಾಪಡೆಯನ್ನು ಕರೆದೊಯ್ದವನು. ಅರಸ ಅಲೆಕ್ಸಾಂಡರನನ್ನು ಬಿಟ್ಟು ಅವನ ನೌಕಾಧಿಪತಿಯನ್ನು ಆರಿಸಿದ್ದು ಸರಿಯಾದ ಆಯ್ಕೆ.