ಡ್ರೋನ್ ತಡೆಯಲು ಮೊದಲು ಅದು ಕಾಣಬೇಕು

ಕೇಳುಗರಿಗೆ ನಮಸ್ಕಾರ.

2025ರ ಸೆಪ್ಟೆಂಬರ್ 10ರ ನಸುಕಿನಲ್ಲಿ ರಷ್ಯಾದ ಸುಮಾರು 20 ಡ್ರೋನ್‌ಗಳು ಪೋಲೆಂಡಿನ ಗಡಿಯೊಳಕ್ಕೆ ಬಂದವು. ಪೋಲೆಂಡಿನ ಎಫ್-16, ನೆದರ್‌ಲೆಂಡ್ಸಿನ ಎಫ್-35 ವಿಮಾನಗಳು ಮೇಲೇರಿ ಕೆಲವನ್ನು ಕೆಡವಿದವು. ಬಂದವುಗಳಲ್ಲಿ ಫೋಮು, ಪ್ಲೈವುಡ್ಡಿನಿಂದ ಮಾಡಿದ ಗೆರ್ಬೆರಾ ಎಂಬ ಅಗ್ಗದ ಡ್ರೋನ್‌ಗಳೂ ಇದ್ದವು. ಇಂಥವಕ್ಕೆ ಲಕ್ಷಗಟ್ಟಲೆ ಡಾಲರಿನ ಕ್ಷಿಪಣಿ ಹಾರಿಸುತ್ತ ಕೂತರೆ ಯಾವ ಬೊಕ್ಕಸವೂ ತಾಳದು.

ಹಾಗಾಗಿ ಯುರೋಪು ಅಗ್ಗದ ಆಯುಧ ಹುಡುಕುತ್ತಿದೆ. ಸರಿಯೇ. ಆದರೆ ನಿಜವಾದ ಕಷ್ಟ ಪತ್ತೆಯದು. ಹಕ್ಕಿಗಳಿಂದ ಪರದೆ ತುಂಬದಿರಲೆಂದು ಹಳೆಯ ರಾಡಾರ್‌ಗಳು ನಿಧಾನಗತಿಯ ಸಣ್ಣ ವಸ್ತುಗಳನ್ನು ಸೋಸಿಬಿಡುತ್ತವೆ. ಡ್ರೋನೂ ಅದರಲ್ಲೇ ಹೋಗುತ್ತದೆ. ಭೂಮಿಯ ಬಾಗು ಬೇರೆ. ಆಂಟೆನಾ 10 ಮೀಟರ್, ಡ್ರೋನ್ 50 ಮೀಟರ್ ಎತ್ತರದಲ್ಲಿದ್ದರೆ, ಬಯಲಿನಲ್ಲೂ 42 ಕಿಲೋಮೀಟರಿನಾಚೆ ಕಾಣದು. ಉಕ್ರೇನ್ ಇದಕ್ಕೆ ಕಂಬಗಳ ಮೇಲೆ ಸಾವಿರಾರು ಮೈಕ್ರೊಫೋನ್ ಕೂರಿಸಿತು. ರಷ್ಯಾ ಹಾರಿಸುವ ಶಾಹೆದ್ ಡ್ರೋನಿನ ಎಂಜಿನ್ ಸದ್ದು ಎಲ್ಲೆಲ್ಲಿ ಕೇಳಿತೆಂದು ಜೋಡಿಸಿದರೆ ಅದರ ದಾರಿ ಗೊತ್ತಾಗುತ್ತದೆ.

ಗಂಟೆಗೆ 185 ಕಿಲೋಮೀಟರ್ ವೇಗದ ಶಾಹೆದ್ 4 ಕಿಲೋಮೀಟರ್ ದಾಟಲು 78 ಸೆಕೆಂಡು ಸಾಕು. ಜರ್ಮನಿ ಉಕ್ರೇನಿಗೆ ಕೊಟ್ಟ ಸ್ಕೈನೆಕ್ಸ್ ಫಿರಂಗಿಯ ವ್ಯಾಪ್ತಿ ಸರಿಸುಮಾರು ಆ 4 ಕಿಲೋಮೀಟರೇ, ಅಂದರೆ ಹೊಡೆಯಲು ಸಿಗುವುದು ಅಷ್ಟೇ ಸಮಯ. ಅದರ 35 ಮಿಲಿಮೀಟರ್ ಗುಂಡಿನದು ಸೊಗಸಾದ ಕೆಲಸ. ನಳಿಗೆಯ ತುದಿಯಲ್ಲಿ ಮೂರು ಸುರುಳಿಗಳಿವೆ. ಮೊದಲೆರಡು ಗುಂಡಿನ ವೇಗ ಅಳೆಯುತ್ತವೆ. ಮೂರನೆಯದು ಸಿಡಿಯಬೇಕಾದ ಕ್ಷಣವನ್ನು ಅದಕ್ಕೆ ತಿಳಿಸುತ್ತದೆ. ಗುರಿಯ ಮುಂದೆಯೇ ಸಿಡಿದು 152 ಟಂಗ್‌ಸ್ಟನ್ ಚೂರುಗಳನ್ನು ಎರಚುತ್ತದೆ. ದೂರದ ಲೆಕ್ಕ ತಪ್ಪಿತೋ, ಚೂರುಗಳು ಖಾಲಿ ಗಾಳಿಗೆ. ಶಾಹೆದ್ 2–3 ಕಿಲೋಮೀಟರ್ ಮೇಲಕ್ಕೇರಿದರೆ ಸಿಗುವ ಸಮಯ ಇನ್ನೂ ಕಡಿಮೆ.

ಅದಕ್ಕೇ ಡ್ರೋನನ್ನು ಡ್ರೋನಿನಿಂದಲೇ ಹೊಡೆಯುವ ದಾರಿ. ಹೊಡೆಯಹೋಗುವ ಡ್ರೋನಿಗೆ ಗಂಟೆಗೆ 300 ಕಿಲೋಮೀಟರ್ ವೇಗವಿದ್ದರೂ, 5 ಕಿಲೋಮೀಟರ್ ಹಿಂದಿನಿಂದ ಅಟ್ಟಿದರೆ ಹಿಡಿಯಲು ಎರಡೂವರೆ ನಿಮಿಷ ಬೇಕು. ಅಷ್ಟರಲ್ಲಿ ಶಾಹೆದ್ ಇನ್ನೂ 8 ಕಿಲೋಮೀಟರ್ ಮುಂದೆ ಹೋಗಿರುತ್ತದೆ, ಅಟ್ಟುವ ಡ್ರೋನಿನ ಬ್ಯಾಟರಿ ಬರಿದಾಗುತ್ತಿರುತ್ತದೆ. ಎದುರಿನಿಂದ ಹಾರಿಸಬೇಕು, ಅದಕ್ಕೆ ಸುಳಿವು ಬೇಗ ಸಿಗಲೇಬೇಕು.

ರೇಡಿಯೊ ಸಂಕೇತ ಕೆಡಿಸುವ ಜಾಮರ್ ಅಗ್ಗ. ಆದರೆ ರೇಡಿಯೊ ಬಿಟ್ಟು ಆಪ್ಟಿಕಲ್ ಫೈಬರ್ ಎಳೆಯಲ್ಲಿ ಆಜ್ಞೆ ಪಡೆಯುವ ಡ್ರೋನಿಗೆ ಅದು ತಾಗದು. ಅದೇ ಸೆಪ್ಟೆಂಬರ್ 22ರ ರಾತ್ರಿ ಕೋಪನ್‌ಹೇಗನ್ ವಿಮಾನ ನಿಲ್ದಾಣ ಡ್ರೋನ್ ಕಂಡು ಸುಮಾರು ನಾಲ್ಕು ಗಂಟೆ ಮುಚ್ಚಿತು. ಅಂಥ ಕಡೆ ಗುಂಡು ಹಾರಿಸಿದರೆ ಚೂರು ಜನರ ಮೇಲೆ ಬೀಳುತ್ತದೆ, ಜಾಮರ್ ಹಾಕಿದರೆ ವಿಮಾನಗಳ ಸಂಕೇತವೇ ಕೆಡಬಹುದು.