ಬೆಂಗಳೂರು ಏಷ್ಯಾದ ಫೈನಲ್ ಆಡಿದ ವರ್ಷ

ನಮಸ್ಕಾರ. 2016ರ ಎಎಫ್‌ಸಿ ಕಪ್ ಮಾತು ಬಂದಾಗಲೆಲ್ಲ ಭಾರತದ ಫುಟ್‌ಬಾಲ್ ಏಷ್ಯಾದ ಎತ್ತರಕ್ಕೆ ಏರಿದ ವರ್ಷ ಅದು ಎಂದು ಹೇಳುವವರಿದ್ದಾರೆ. ನಾನು ಈ ಮಾತನ್ನು ಒಪ್ಪುವುದಿಲ್ಲ. ಆ ವರ್ಷ ಏರಿದ್ದು ಒಂದೇ ಒಂದು ತಂಡ, ಬೆಂಗಳೂರು ಎಫ್‌ಸಿ. ಏರುವಾಗ ಅದರ ಕೈಹಿಡಿಯಲು ದೇಶದ ಫುಟ್‌ಬಾಲ್ ವ್ಯವಸ್ಥೆ ಅಲ್ಲಿರಲಿಲ್ಲ. ಸಂಭ್ರಮದ ನಡುವೆ ಈ ಎರಡನೆಯ ಸಂಗತಿಯನ್ನು ನಾವು ಮರೆತೇಬಿಟ್ಟಿದ್ದೇವೆ.

ಎಎಫ್‌ಸಿ ಕಪ್ ಆಗ ಏಷ್ಯಾದ ಕ್ಲಬ್‌ಗಳ ಎರಡನೇ ಸ್ತರದ ಟೂರ್ನಿಯಾಗಿತ್ತು. ಮೊದಲು ಗುಂಪು ಹಂತ, ಆಮೇಲೆ ನಾಕ್‌ಔಟ್. 2008ರಲ್ಲಿ ಗೋವಾದ ಡೆಂಪೊ, 2013ರಲ್ಲಿ ಕೋಲ್ಕತ್ತದ ಈಸ್ಟ್ ಬೆಂಗಾಲ್ ಸೆಮಿಫೈನಲ್‌ವರೆಗೆ ಹೋಗಿದ್ದವು. ಈಸ್ಟ್ ಬೆಂಗಾಲ್ ಆ ಸೆಮಿಫೈನಲ್ ಆಡಿದ ವರ್ಷವೇ ಬೆಂಗಳೂರು ಎಫ್‌ಸಿ ಹುಟ್ಟಿದ್ದು. ಮೂರೇ ವರ್ಷಗಳಲ್ಲಿ ಅದು ಆಗ ದೇಶದ ಅಗ್ರ ಲೀಗ್ ಆಗಿದ್ದ ಐ-ಲೀಗನ್ನು ಎರಡು ಬಾರಿ ಗೆದ್ದಿತ್ತು. ಕಂಠೀರವ ಕ್ರೀಡಾಂಗಣದ ಪಶ್ಚಿಮ ಸ್ಟ್ಯಾಂಡಿನಲ್ಲಿ ತೊಂಬತ್ತು ನಿಮಿಷ ನಿಂತೇ ಹಾಡುವ ವೆಸ್ಟ್ ಬ್ಲಾಕ್ ಬ್ಲೂಸ್ ಎಂಬ ಬಳಗವೂ ಬೆಳೆದಿತ್ತು.

ಆ ವರ್ಷದ ಕ್ಯಾಲೆಂಡರ್ ತೆಗೆದು ನೋಡಿ. ಐ-ಲೀಗ್ ಜನವರಿಯಲ್ಲಿ ಶುರುವಾಗಿ ಏಪ್ರಿಲ್‌ನಲ್ಲೇ ಮುಗಿಯಿತು. ಒಂಬತ್ತು ತಂಡಗಳು, ಒಬ್ಬೊಬ್ಬರಿಗೆ ಹದಿನಾರು ಪಂದ್ಯ. ದೇಶದ ಚಾಂಪಿಯನ್ ತಂಡಕ್ಕೆ ವರ್ಷವಿಡೀ ಸಿಕ್ಕ ಲೀಗ್ ಪಂದ್ಯಗಳು ಇಷ್ಟೇ. ಮೇ ತಿಂಗಳಲ್ಲಿ ಹಾಂಗ್‌ಕಾಂಗ್‌ಗೆ ಹೋಗಿ ಕಿಚ್ಚಿ ತಂಡವನ್ನು 3-2ರಿಂದ ಸೋಲಿಸಿ ಕ್ವಾರ್ಟರ್ ಫೈನಲ್ ತಲುಪಿದ ಬೆಂಗಳೂರಿಗೆ ಮುಂದಿನ ಲೀಗ್ ಪಂದ್ಯ ಇದ್ದದ್ದು 2017ರ ಜನವರಿಯಲ್ಲಿ. ನಡುವಿನ ಏಳು ತಿಂಗಳಲ್ಲಿ ಏಷ್ಯಾದ ಅತಿ ಮುಖ್ಯ ಪಂದ್ಯಗಳನ್ನು ಅದು ಆಡಬೇಕಿತ್ತು. ಅಕ್ಟೋಬರ್ 1ರಂದು ದೇಶದ ಇನ್ನೊಂದು ಲೀಗ್ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಆರಂಭವಾಯಿತು. ಆ ಲೀಗಿನಲ್ಲಿ ಬೆಂಗಳೂರಿಗೆ ಜಾಗವೇ ಇರಲಿಲ್ಲ. ಟಿವಿಯಲ್ಲಿ ದೇಶದ ಫುಟ್‌ಬಾಲ್ ಹಬ್ಬ ನಡೆಯುತ್ತಿದ್ದಾಗ ದೇಶದ ಚಾಂಪಿಯನ್ ತಂಡ ಅಭ್ಯಾಸದ ಅಂಗಳದಲ್ಲಿತ್ತು.

ಇದರ ನಡುವೆ ಕೋಚ್ ಕೂಡ ಬದಲಾದರು. ಕ್ಲಬ್ ಕಟ್ಟಿದ ಆ್ಯಶ್ಲಿ ವೆಸ್ಟ್‌ವುಡ್ ಹೋದರು, ಬಾರ್ಸಿಲೋನಾದಲ್ಲಿ ಫ್ರಾಂಕ್ ರೈಕಾರ್ಡ್ ಅವರ ಸಹಾಯಕರಾಗಿದ್ದ ಆಲ್ಬರ್ಟ್ ರೋಕಾ ಬಂದರು. ಹೊಸ ಆಟದ ಶೈಲಿಯನ್ನು ತಂಡಕ್ಕೆ ಕಲಿಸಲು ಯಾವ ಕೋಚ್‌ಗೂ ವಾರಕ್ಕೊಂದು ಪಂದ್ಯ ಬೇಕು. ರೋಕಾಗೆ ಸಿಕ್ಕಿದ್ದು ಸಿಂಗಪುರದ ಟ್ಯಾಂಪಿನೀಸ್ ರೋವರ್ಸ್ ವಿರುದ್ಧದ ಕ್ವಾರ್ಟರ್ ಫೈನಲ್. ತವರಿನಲ್ಲಿ 1-0, ಅಲ್ಲಿ 0-0. ಕಣ್ಣು ಕೋರೈಸುವ ಆಟವಲ್ಲ, ಆದರೆ ಗಟ್ಟಿಯಾದ ಆಟ.

ಸೆಮಿಫೈನಲ್‌ನ ಎದುರಾಳಿ ಮಲೇಷ್ಯಾದ ಜೊಹೊರ್ ದಾರುಲ್ ತಾಜಿಮ್, ಹಾಲಿ ಚಾಂಪಿಯನ್. ಗುಂಪು ಹಂತದಲ್ಲಿ ಇದೇ ತಂಡದ ಎದುರು ಬೆಂಗಳೂರು ಎರಡೂ ಪಂದ್ಯ ಸೋತಿತ್ತು. ಅವರದು ಹಣವಂತ ಕ್ಲಬ್, ಮೇಲಾಗಿ ತಮ್ಮ ದೇಶದ ಲೀಗನ್ನು ನಿರಂತರವಾಗಿ ಆಡುತ್ತಿದ್ದ ತಂಡ. ಅವರ ನೆಲದಲ್ಲಿ ಯುಜಿನ್‌ಸನ್ ಲಿಂಗ್ಡೊ ಅವರ ಗೋಲಿನಿಂದ 1-1 ಸಮಬಲ ಸಾಧಿಸಿ ಬಂದದ್ದೇ ದೊಡ್ಡದು.

ಆಮೇಲೆ ಅಕ್ಟೋಬರ್ 19ರ ಬುಧವಾರ ಬಂತು. ಕಂಠೀರವದಲ್ಲಿ ಹನ್ನೊಂದನೇ ನಿಮಿಷಕ್ಕೇ ಜೊಹೊರ್‌ನ ಸಫೀಕ್ ರಹೀಮ್ ಗೋಲು ಹೊಡೆದರು. ತಿಂಗಳುಗಟ್ಟಲೆ ಲೀಗ್ ಆಡದ ತಂಡವೊಂದು ಕುಸಿಯುವುದಾದರೆ ಆಗಲೇ ಕುಸಿಯಬೇಕಿತ್ತು. ಬದಲಿಗೆ ಬೆಂಗಳೂರಿನವರು ಚೆಂಡನ್ನು ನೆಲದ ಮೇಲೇ ಇಟ್ಟು, ಅವಸರ ಮಾಡದೆ ಆಡಿದರು. ವಿರಾಮಕ್ಕೆ ಸ್ವಲ್ಪ ಮುನ್ನ ಸುನಿಲ್ ಛೆಟ್ರಿ ಹೆಡರ್ ಮೂಲಕ ಸಮಬಲ ತಂದರು. ದ್ವಿತೀಯಾರ್ಧದಲ್ಲಿ ಪೆನಾಲ್ಟಿ ಪ್ರದೇಶದ ಹೊರಗಿನಿಂದಲೇ ಅವರು ಹೊಡೆದ ಚೆಂಡು ಗೋಲುಬಲೆ ಸೇರಿತು. ಆ ಹೊಡೆತವನ್ನು ನಾನು ಇವತ್ತಿಗೂ ನೋಡುತ್ತೇನೆ. ಅದಾದ ಕೆಲವೇ ನಿಮಿಷಗಳಲ್ಲಿ ಹುವಾನನ್ ಅವರ ಹೆಡರ್, 3-1. ಈ ನಗರದಲ್ಲಿ ನಡೆದ ಅತಿ ದೊಡ್ಡ ಕ್ಲಬ್ ಪಂದ್ಯ ಅದೇ ಎಂದು ನಾನು ನಂಬುತ್ತೇನೆ. ಆದರೆ ಆ ರಾತ್ರಿ ಗೋಲ್‌ಕೀಪರ್ ಅಮರಿಂದರ್ ಸಿಂಗ್ ಹಳದಿ ಕಾರ್ಡ್ ಪಡೆದು ಫೈನಲ್‌ಗೆ ನಿಷೇಧಕ್ಕೊಳಗಾದರು. ಅದರ ಬೆಲೆ ದೋಹಾದಲ್ಲಿ ತಿಳಿಯಿತು.

ನವೆಂಬರ್ 5, ಕತಾರ್‌ನ ಸುಹೈಮ್ ಬಿನ್ ಹಮದ್ ಕ್ರೀಡಾಂಗಣ. ಎದುರಿಗಿದ್ದದ್ದು ಬಾಗ್ದಾದಿನ ಅಲ್ ಕುವಾ ಅಲ್ ಜಾವಿಯಾ, 1931ರಲ್ಲಿ ಹುಟ್ಟಿದ ಇರಾಕ್ ವಾಯುಪಡೆಯ ಕ್ಲಬ್. ನಮ್ಮಲ್ಲಿ ಫೈನಲ್ ಕಥೆ ಹೇಳುವವರು ಇವರನ್ನು ಬರೀ ಎದುರಾಳಿ ಎಂದು ಹೇಳಿ ಮುಂದೆ ಸಾಗುತ್ತಾರೆ. ಅದು ಅನ್ಯಾಯ. ಭದ್ರತೆಯ ಕಾರಣಕ್ಕೆ ಇರಾಕಿನ ಕ್ಲಬ್‌ಗಳು ಆಗ ತಮ್ಮ ನೆಲದಲ್ಲಿ ಅಂತರರಾಷ್ಟ್ರೀಯ ಪಂದ್ಯ ಆಡುವಂತಿರಲಿಲ್ಲ. ಹೀಗಾಗಿ ದೋಹಾವೇ ಅವರಿಗೆ ‘ತವರು’. ಫೈನಲ್‌ಗೆ ಮೂರು ವಾರವೂ ಇಲ್ಲದಾಗ, ಅಕ್ಟೋಬರ್ 17ರಂದು, ಮೋಸುಲ್ ನಗರವನ್ನು ಐಎಸ್ ಉಗ್ರರಿಂದ ಬಿಡಿಸುವ ಯುದ್ಧ ಆರಂಭವಾಗಿತ್ತು. ಅಂತಹ ದಿನಗಳಲ್ಲಿ ಆ ಆಟಗಾರರು ಪರದೇಶದಲ್ಲಿ ಕುಳಿತು ಫೈನಲ್‌ಗೆ ಸಜ್ಜಾದರು.

ಪಂದ್ಯದಲ್ಲಿ ಇರಾಕಿಗಳದೇ ಮೇಲುಗೈ. ಅಮರಿಂದರ್ ಜಾಗದಲ್ಲಿ ನಿಂತ ಲಾಲ್‌ತುವಾಮಾವಿಯ ರಾಲ್ಟೆ ಬಹಳ ಹೊತ್ತು ತಡೆದರು. 71ನೇ ನಿಮಿಷದಲ್ಲಿ ಅಮ್ಜದ್ ರಾಧಿ ಕೊಟ್ಟ ಪಾಸ್‌ಗೆ ಹಮ್ಮಾದಿ ಅಹ್ಮದ್ ಗೋಲು ಹೊಡೆದರು. ಆ ಟೂರ್ನಿಯಲ್ಲಿ ಅದು ಅವರ ಹದಿನಾರನೇ ಗೋಲು. 1-0. ಎಎಫ್‌ಸಿ ಕಪ್ ಗೆದ್ದ ಮೊದಲ ಇರಾಕಿ ಕ್ಲಬ್ ಎಂಬ ಹೆಸರು ಅವರದಾಯಿತು. ಅರ್ಹರೇ ಗೆದ್ದರು, ಇದನ್ನು ಹೇಳಲು ನನಗೆ ಯಾವ ಸಂಕೋಚವೂ ಇಲ್ಲ. ಆ ತಂಡ ಮುಂದಿನ ಎರಡು ವರ್ಷವೂ ಕಪ್ ಗೆದ್ದಿತು, 2018ರ ಫೈನಲ್ಲನ್ನಂತೂ ಇರಾಕಿನ ಬಸ್ರಾದಲ್ಲೇ, ತನ್ನ ಜನರ ಮುಂದೆ ಆಡಿ ಗೆದ್ದಿತು.

ನಮ್ಮಲ್ಲೇನಾಯಿತು? ಫೈನಲ್ ಮುಗಿದ ಬೆನ್ನಿಗೇ ಬೆಂಗಳೂರಿನ ಆಟಗಾರರು ಚದುರಿ ಐಎಸ್‌ಎಲ್ ತಂಡಗಳನ್ನು ಸೇರಿಕೊಂಡರು. ಛೆಟ್ರಿ ಮುಂಬೈಗೆ, ಸಿ.ಕೆ. ವಿನೀತ್ ಮತ್ತು ರಿನೊ ಆ್ಯಂಟೊ ಕೇರಳಕ್ಕೆ. ಏಷ್ಯಾದ ಫೈನಲ್ ಆಡಿದ ತಂಡ ವಾರ ಕಳೆಯುವುದರೊಳಗೆ ತಂಡವಾಗಿಯೇ ಉಳಿಯಲಿಲ್ಲ. 2017ರಲ್ಲಿ ಅದು ಮತ್ತೆ ಕೂಡಿಕೊಂಡು ಫೈನಲ್‌ಗೆ ಒಂದು ಹೆಜ್ಜೆ ಮುಂಚಿನ ಅಂತರವಲಯ ಫೈನಲ್‌ವರೆಗೆ ಹೋಗಿ ತಜಿಕಿಸ್ತಾನದ ಇಸ್ತಿಕ್ಲೋಲ್ ಎದುರು ಸೋತಿತು. ಆಮೇಲೆ ಐಎಸ್‌ಎಲ್ ಆಡತೊಡಗಿತು. 2016ರ ನಂತರ ಭಾರತದ ಇನ್ನೊಂದು ಕ್ಲಬ್ ಏಷ್ಯಾದ ಯಾವ ಫೈನಲ್ಲನ್ನೂ ಆಡಿಲ್ಲ.

ಇದನ್ನು ಈಗ ಹೇಳುವುದಕ್ಕೆ ಕಾರಣವಿದೆ. 2025ರ ಜುಲೈನಲ್ಲಿ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಮತ್ತು ಅದರ ವಾಣಿಜ್ಯ ಪಾಲುದಾರರ ನಡುವಿನ ಒಪ್ಪಂದ ನವೀಕರಣವಾಗದೆ ಐಎಸ್‌ಎಲ್ಲೇ ನಿಂತುಹೋಯಿತು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನೇ ತಡೆಹಿಡಿಯಿತು. ಒಂಬತ್ತು ವರ್ಷದ ಹಿಂದೆ ಲೀಗ್ ಇಲ್ಲದೆ ಫೈನಲ್ ಆಡಿದ ಕ್ಲಬ್‌ಗೆ ಮತ್ತೆ ಲೀಗ್ ಯಾವಾಗ ಎಂದು ಗೊತ್ತಿರದ ಸ್ಥಿತಿ ಬಂತು. ಆಟಗಾರರು ಎಲ್ಲಿ ಎಡವಿದರು ಎಂದು ಗಂಟೆಗಟ್ಟಲೆ ಚರ್ಚಿಸುವ ನಾವು ಈ ಪ್ರಶ್ನೆಯನ್ನು ಅಷ್ಟೇ ಜೋರಾಗಿ ಕೇಳಬೇಕು: ಆಗಸ್ಟ್‌ನಿಂದ ಮೇ ತನಕ ನಿಲ್ಲದೆ ನಡೆಯುವ, ಒಪ್ಪಂದಗಳ ಜಗಳ ಏನೇ ಇದ್ದರೂ ಮುಂದೂಡಲಾಗದ ಒಂದು ರಾಷ್ಟ್ರೀಯ ಲೀಗನ್ನು ಫೆಡರೇಷನ್ ಯಾವಾಗ ಕೊಡುತ್ತದೆ?