ಕಾರಂತರ ಸಿನಿಮಾಕ್ಕೆ ಕಿವಿ ಕೊಡಿ

ಕಾಸರಗೋಡಿನ ಕೇಳುಗರಿಗೆ ನಮಸ್ಕಾರ. 'ಆರ್ಟ್ ಸಿನಿಮಾ ಅಂದ್ರೆ ಬೋರು' ಎನ್ನುವವರು ನಿಮ್ಮಲ್ಲಿ ಜಾಸ್ತಿ ಅಂತ ಗೊತ್ತು. ಆದರೂ ಇವತ್ತು ನಾಟಕದ ಬಿ.ವಿ. ಕಾರಂತರ ಸಿನಿಮಾದ ಬಗ್ಗೆಯೇ ಹೇಳುತ್ತೇನೆ. ದಯವಿಟ್ಟು ಸ್ಟೇಷನ್ ತಿರುಗಿಸಬೇಡಿ.

ಕಾರಂತರು ಹುಟ್ಟಿದ್ದು 1929ರಲ್ಲಿ, ಬಂಟ್ವಾಳ ತಾಲೂಕಿನ ಮಂಚಿಯಲ್ಲಿ. ನಮಗೇನೂ ದೂರವಲ್ಲ. ಮೂರನೇ ಕ್ಲಾಸಿನಲ್ಲೇ ಬಣ್ಣ ಹಚ್ಚಿದವರು. ಮನೆ ಬಿಟ್ಟು ಓಡಿಹೋಗಿ ಗುಬ್ಬಿ ನಾಟಕ ಕಂಪನಿ ಸೇರಿದರು. ಕಂಪನಿಯ ಯಜಮಾನ ಗುಬ್ಬಿ ವೀರಣ್ಣನವರೇ ಅವರನ್ನು ಓದಲು ಕಾಶಿಗೆ ಕಳಿಸಿದರು. ಅಲ್ಲಿ ಹಿಂದಿ ಎಂ.ಎ., ಜೊತೆಗೆ ಓಂಕಾರನಾಥ ಠಾಕೂರರ ಹತ್ತಿರ ಸಂಗೀತ. ಆಮೇಲೆ ದಿಲ್ಲಿಯ ರಾಷ್ಟ್ರೀಯ ನಾಟಕ ಶಾಲೆ. ಇಷ್ಟೆಲ್ಲ ಸುತ್ತಾಟದಲ್ಲಿ ಪಳಗಿದ್ದು ಅವರ ಕಿವಿ. ನಾಟಕದಿಂದ ಸಿನಿಮಾಕ್ಕೆ ಅವರು ತಂದದ್ದೂ ಆ ಕಿವಿಯನ್ನೇ. ಇದೊಂದು ನೆನಪಿರಲಿ, ಉಳಿದದ್ದು ಮರೆತರೂ ಅಡ್ಡಿಯಿಲ್ಲ.

1975ರ 'ಚೋಮನ ದುಡಿ' ತೆಗೆದುಕೊಳ್ಳಿ. ದುಡಿ ಅಂದರೆ ಬಾರಿಸುವ ಚರ್ಮವಾದ್ಯ. ಕಾದಂಬರಿ ಶಿವರಾಮ ಕಾರಂತರದು, ಸಿನಿಮಾ ಇವರದು. ಹಿಂದೊಮ್ಮೆ ಬದಿಯಡ್ಕದ ಕಡೆ ಶಾಲೆಯ ಮೈದಾನದಲ್ಲಿ ಬಿಳಿ ಪರದೆ ಕಟ್ಟಿ ಅದನ್ನು ತೋರಿಸಿದ್ದೆವು. ಹೆಂಗಸರು, ಮಕ್ಕಳು ಚಾಪೆ ಹಾಸಿ ಕೂತಿದ್ದರು. ಸ್ಪೀಕರಿನ ವಯರು ಸಡಿಲವಾಗಿತ್ತು. ನಡುನಡುವೆ ಮಾತು ಕೇಳಿಸುತ್ತಿರಲಿಲ್ಲ. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ, ಸುಮ್ನೆ ನೋಡುತ್ತಿದ್ದರು. ಕೊನೆಗೆ ಚೋಮ ಗುಡಿಸಲಿನ ಬಾಗಿಲು ಹಾಕಿಕೊಂಡು ದುಡಿ ಬಾರಿಸುವ ಹೊತ್ತಿಗೆ ಸ್ಪೀಕರ್ ಪೂರ್ತಿ ಸತ್ತಿತು. ಅಬ್ಬಾ, ಆಗ ಎದ್ದ ಗಲಾಟೆ! 'ದುಡಿ ಎಲ್ಲಿ? ದುಡಿ ಹಾಕಿ!' ಹಿಂದೆ ಕೂತಿದ್ದ ಅಜ್ಜ ಒಬ್ಬರು ಪ್ರೊಜೆಕ್ಟರಿನ ಹತ್ತಿರವೇ ಬಂದು ನಿಂತರು. 'ಮಾತು ಹೋದರೆ ಹೋಗಲಿ ಮಾರಾಯ, ಅದನ್ನು ಮಾತ್ರ ಸರಿ ಮಾಡು' ಅಂದರು. ವಯರು ಕಟ್ಟಿ, ರೀಲು ಹಿಂದಕ್ಕೆ ಸುತ್ತಿ ಮತ್ತೆ ಹಾಕಿದೆವು. ಅಜ್ಜ ನಿಂತೇ ನೋಡಿದರು.

ಉಳುವ ಗದ್ದೆ ಸಿಗದವನ ಸಿಟ್ಟು, ದುಃಖ ಎಲ್ಲ ಆ ದುಡಿಯಲ್ಲಿದೆ. ಅದಕ್ಕೆ ಡಯಲಾಗ್ ಯಾಕೆ ಬೇಕು? ನೀವೇ ಹೇಳಿ. ರಾಷ್ಟ್ರಪ್ರಶಸ್ತಿಗಳಲ್ಲಿ ಆ ಚಿತ್ರಕ್ಕೆ ಸ್ವರ್ಣಕಮಲ ಬಂತು, ಚೋಮನಾದ ಎಂ.ವಿ. ವಾಸುದೇವರಾಯರಿಗೆ ಶ್ರೇಷ್ಠ ನಟ ಪ್ರಶಸ್ತಿ ಬಂತು.

ಗಾಜಿನ ಆಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ. ಬೇಗ ಹೇಳಿಬಿಡುತ್ತೇನೆ. 1971ರಲ್ಲಿ ಗಿರೀಶ ಕಾರ್ನಾಡರ ಜೊತೆ 'ವಂಶವೃಕ್ಷ' ನಿರ್ದೇಶಿಸಿದ್ದರು. 'ಋಷ್ಯಶೃಂಗ', 'ಘಟಶ್ರಾದ್ಧ' ಎರಡಕ್ಕೂ ಅವರಿಗೆ ರಾಷ್ಟ್ರಪ್ರಶಸ್ತಿ ಬಂದದ್ದು ಸಂಗೀತಕ್ಕೆ. ನೋಡಿ, ಮತ್ತೆ ಕಿವಿಯೇ! ಅವರು ಕಟ್ಟಿದ ಮೈಸೂರಿನ ನಾಟಕ ಸಂಸ್ಥೆ ರಂಗಾಯಣದ ಕಥೆಗೆ ಸಮಯವೇ ಉಳಿಯಲಿಲ್ಲ. ಯಕ್ಷಗಾನದ ಚೆಂಡೆ ಕೇಳಿ ಬೆಳೆದ ನಿಮಗೆ ಈ ಸಿನಿಮಾ ಕಷ್ಟವಾಗಲಾರದು. ಈ ಭಾನುವಾರ ಮೊಬೈಲಿನಲ್ಲಾದರೂ ಹುಡುಕಿ ನೋಡಿ. ಸೌಂಡು ಮಾತ್ರ ಕಡಿಮೆ ಮಾಡಬೇಡಿ. ನಮಸ್ಕಾರ.